ಖಾಲಿಯಾಗದ ಬಟ್ಟಲು

"ಬಟ್ಟಲಲ್ಲಿ ಕಾಳಿದೆಯಾ?"

"ತುಳುಕ್ತಾ ಇದೆ ಅತ್ತೆ! ನೋಡು ಬೇಕಾದ್ರೆ!"

ಗಿರಗಿಟ್ಲೆ ಫೋನನ್ನು ಪಂಜರದ ಸರಳಿಗೆ ತಾಗಿಸಿ ಹಿಡಿದಳು. ಅದು ಬರೀ ಮಾತಾಡುವ ಫೋನು, ಅದರಲ್ಲಿ ಅತ್ತೆಗೆ ಬಟ್ಟಲು ಕಾಣಿಸೋದಿಲ್ಲ ಅನ್ನೋದು ಅವಳಿಗೆ ನೆನಪೇ ಆಗಲಿಲ್ಲ.

"ನೀರು?"

"ಬೆಳಿಗ್ಗೇನೇ ಬದಲಾಯಿಸಿದೆ."

"ನನ್ನ ಬಂಗಾರ! ಇಡ್ತೀನಿ, ಇಲ್ಲಿ ರಾಜನ ನಿಲುವಂಗಿಗೆ ಇನ್ನೂ ತೋಳೇ ಕೂಡ್ಸಿಲ್ಲ."

ಅತ್ತೆ ಬೇರೆ ಊರಿನ ನಾಟಕದವರಿಗೆ ಬಟ್ಟೆ ಹೊಲಿಯೋಕೆ ಹೋಗಿದ್ದಳು. ಅತ್ತೆ ಅಂದ್ರೆ ಸುಮ್ಮನೆ ಅಲ್ಲ. ಹಳೇ ಕರ್ಟನ್ ಕೊಟ್ಟರೆ ಅದರಲ್ಲೇ ರಾಣಿಯ ಲಂಗ ಮಾಡಿ ಕೊಡುವವಳು. ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಅವಳ ಮೆಷಿನ್ನು, ಮೆಷಿನ್ನಿನ ಪಕ್ಕ ಪಂಜರ, ಪಂಜರದಲ್ಲಿ ಅವಳ ಎರಡು ಪುಟಾಣಿ ಗಿಳಿಗಳು. ನೀಲಿಯದು ಕಂಬಿಯ ಮೇಲೆ ಅತ್ತಿಂದಿತ್ತ ಠೀವಿಯಿಂದ ಓಡಾಡುತ್ತಿತ್ತು, ಅದಕ್ಕೇ ಅದರ ಹೆಸರು ಮೇಷ್ಟ್ರು. ಹಳದಿಯದು ಸಿಕ್ಕಿದ್ದಕ್ಕೆಲ್ಲ ಬೈಯುತ್ತಿತ್ತು. ಅದು ಜಗಳಗಂಟಿ.

ಅತ್ತೆ ಹೊರಡುವಾಗ ಹಕ್ಕಿಗಳನ್ನು ಗಿರಗಿಟ್ಲೆಯ ಅಣ್ಣನಿಗೆ ಒಪ್ಪಿಸುವವಳಿದ್ದಳು. ಗಿರಗಿಟ್ಲೆ ಅವಳ ಸೀರೆ ಸೆರಗು ಹಿಡಿದು ಮನೆಯೆಲ್ಲ ಸುತ್ತಿದಳು. "ನಾನೇ ನೋಡ್ಕೋತೀನಿ. ಪ್ರಾಮಿಸ್ ಅತ್ತೆ!"

"ನೀನಾ? ಒಂದು ಕಡೆ ನಿಂತು ಹಲ್ಲುಜ್ಜಿದ್ದನ್ನೇ ನಾನು ನೋಡಿಲ್ಲ," ಅಂದಳು ಅಮ್ಮ. ಮನೆಯಲ್ಲಿ ಅವಳನ್ನು ಗಿರಗಿಟ್ಲೆ ಅಂತ ಕರೆಯೋದು ಸುಮ್ಮಸುಮ್ಮನೆ ಅಲ್ಲ.

ಅತ್ತೆ ಮಾತ್ರ ಅವಳ ಮುಖವನ್ನೇ ನೋಡಿ, "ಸರಿ, ನಿನಗೇ ಬಿಟ್ಟೆ. ಬಟ್ಟಲು ಯಾವತ್ತೂ ಖಾಲಿ ಇರಬಾರ್ದು. ದಿನಾ ಹೊಸ ನೀರು. ಸಂಜೆ ಆದ್ರೆ ಕಿಟಕಿ ಮುಚ್ಚು. ಅಷ್ಟೇ," ಅಂದಿದ್ದಳು.

ಬಟ್ಟಲು ಖಾಲಿ ಇರಲೇ ಇಲ್ಲ. ಮೊದಲ ದಿನವೂ ತುಂಬಿತ್ತು, ಮಾರನೇ ದಿನವೂ ತುಂಬಿತ್ತು. ಕಾಳಿನ ಡಬ್ಬಿ ತೆರೆಯುವ ಕೆಲಸವೇ ಬೀಳಲಿಲ್ಲ.

"ನೋಡಿದ್ಯಾ?" ಅಂತ ಅಣ್ಣನ ಮುಂದೆ ಮೆರೆದಳು. "ನಾನು ನೋಡ್ಕೊಂಡ್ರೆ ಕಾಳು ಖರ್ಚೇ ಆಗಲ್ಲ!"

"ಹಕ್ಕಿಗಳು ಡಯಟ್ ಮಾಡ್ತಾ ಇರ್ಬೇಕು," ಅಂದ ಅಣ್ಣ ಪುಸ್ತಕದಿಂದ ತಲೆ ಎತ್ತದೆ. "ಹೋಗೇ, ಜಂಭದ ಕೋಳಿ."

ಅಮ್ಮ ಅಡುಗೆಗೆ ತಂದ ಸೊಪ್ಪಿನಲ್ಲಿ ಎರಡು ದಂಟು ಕದ್ದು ಪಂಜರಕ್ಕೆ ಸಿಕ್ಕಿಸಿದಳು ಗಿರಗಿಟ್ಲೆ. ಎರಡೂ ಹಕ್ಕಿಗಳು ಒಂದರ ಮೇಲೊಂದು ಬಿದ್ದು ತಿಂದವು. ಎಲೆ ಹೋಯಿತು, ದಂಟೂ ಹೋಯಿತು. ಅಬ್ಬಾ, ನಾನು ಕೊಟ್ಟಿದ್ದು ಅಂದ್ರೆ ಎಷ್ಟು ಇಷ್ಟ ಇವಕ್ಕೆ, ಅಂತ ಅವಳಿಗೆ ಖುಷಿಯೋ ಖುಷಿ.

ಮರುದಿನ ಸ್ಕೂಲಿಂದ ಬಂದು ಬ್ಯಾಗನ್ನು ಎಸೆದಾಗ ಏನೋ ಸರಿಯಿಲ್ಲ ಅನ್ನಿಸಿತು. ಬ್ಯಾಗು ದೊಪ್ಪೆಂದರೂ ಜಗಳಗಂಟಿ ಬೈಯಲಿಲ್ಲ. ಮೇಷ್ಟ್ರು ಓಡಾಡುತ್ತಿರಲಿಲ್ಲ. ಎರಡೂ ಕಂಬಿಯ ಮೇಲೆ ಒತ್ತಿಕೊಂಡು, ಪುಕ್ಕ ಉಬ್ಬಿಸಿ, ಉಣ್ಣೆಯ ಉಂಡೆಗಳ ಹಾಗೆ ಕೂತಿದ್ದವು.

"ಅಣ್ಣಾ, ಇವು ಮಾತಾಡ್ತಿಲ್ಲ ಕಣೋ."

"ಅತ್ತೆ ನೆನಪಾಗಿರ್ಬೇಕು."

ಇರಬಹುದು ಅಂದುಕೊಂಡಳು. ಆದರೆ ಮನಸ್ಸು ಒಪ್ಪಲಿಲ್ಲ. ಸ್ಟೂಲ್ ಎಳೆದುಕೊಂಡು ಪಂಜರದ ಮುಂದೆ ಕೂತಳು. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಅವಳು ಒಂದೇ ಕಡೆ ಕೂತಿದ್ದಿಲ್ಲ.

ಜಗಳಗಂಟಿ ಮೆಲ್ಲಗೆ ಕೆಳಗಿಳಿಯಿತು. ಬಟ್ಟಲಿಗೆ ಕೊಕ್ಕು ಹಾಕಿತು, ಒಂದನ್ನು ತೆಗೆದು ಬಿಸಾಡಿತು. ಇನ್ನೊಂದು ತೆಗೆದು ಅದನ್ನೂ ಬಿಸಾಡಿತು. ಕೊಕ್ಕಿನಿಂದ ಪರಪರ ಕೆದಕಿ, ಏನೂ ತಿನ್ನದೆ ಮತ್ತೆ ಕಂಬಿ ಹತ್ತಿತು.

ಗಿರಗಿಟ್ಲೆ ಸ್ಟೂಲಿನಿಂದ ಎದ್ದಳು. ಪಂಜರದ ಬಾಗಿಲು ತೆರೆದು ಬಟ್ಟಲನ್ನು ಹೊರಗೆ ತೆಗೆದು, ಅದಕ್ಕೆ ಮುಖವಿಟ್ಟು, "ಇಷ್ಟೊಂದು ಇದೆ, ಯಾಕೇ ತಿನ್ನಲ್ಲ ನೀವು? ಪ್ಲೀಸ್, ಪ್ಲೀಸ್ ತಿನ್ನಿ!" ಅಂದಳು.

ಅವಳು ಅಷ್ಟು ಹೇಳಿದ್ದೇ ತಡ, ಕಾಳು ಹಾರಿತು.

ಒಂದೆರಡಲ್ಲ, ಹಿಂಡು ಹಿಂಡಾಗಿ ಹಾರಿತು. ಮೂಗಿಗೆ ಬಂತು, ಕೂದಲಿಗೆ ಬಂತು. ಬಟ್ಟಲಿನ ಮಧ್ಯೆ ಒಂದು ಗುಂಡಿ ಬಿದ್ದು ಅದರಲ್ಲಿ ಬಿಳಿ ತಳ ಕಾಣಿಸಿತು. ಕಾಳು ಹೀಗೆ ಹಾರುತ್ತಾ? ಒಂದನ್ನು ಹಿಡಿದು ಉಗುರಿನಿಂದ ಒತ್ತಿದಳು. ಪುಸಕ್ಕೆಂದು ಚಪ್ಪಟೆಯಾಯಿತು, ಒಳಗೆ ಏನೂ ಇರಲಿಲ್ಲ. ಇನ್ನೊಂದು ಒತ್ತಿದಳು. ಅದರಲ್ಲೂ ಇಲ್ಲ.

ಬರೀ ಹೊಟ್ಟು! ನೋಡೋಕೆ ಕಾಳಿನ ಹಾಗೇ ಇದ್ದ ಹೊಟ್ಟು. ತಿಂದ ಕಾಳಿನ ಸಿಪ್ಪೆ ಅಲ್ಲೇ ಬಟ್ಟಲಿಗೆ ಬೀಳುತ್ತಾ ಬೀಳುತ್ತಾ, ಬಟ್ಟಲು ತುಂಬಿದ ಹಾಗೇ ಕಾಣುತ್ತಿತ್ತು. ತಳದಲ್ಲಿ ಹೊಳೆಯುವ ನಿಜವಾದ ಕಾಳು ನಾಲ್ಕೋ ಐದೋ ಉಳಿದಿದ್ದವು.

ಆಗ ಅವಳಿಗೆ ಅತ್ತೆಯ ಊದುವ ಚಟ ನೆನಪಾಯಿತು.

ಅತ್ತೆ ಏನು ಸಿಕ್ಕರೂ ಊದುವವಳು. ಮೆಷಿನ್ನಿನ ಮೇಲಿನ ದಾರದ ಚೂರಿಗೆ ಉಫ್, ಬಟ್ಟೆ ಮೇಲಿನ ಚಾಕ್‌ಪೀಸ್ ಪುಡಿಗೆ ಉಫ್, ಬಿಸಿ ಹಾಲಿಗೆ ಉಫ್, ಗಿರಗಿಟ್ಲೆಯ ತರಚಿದ ಮಂಡಿಗೂ ಉಫ್. ಬೆಳಿಗ್ಗೆ ಎದ್ದರೆ ಹಕ್ಕಿ ಬಟ್ಟಲನ್ನು ಕಿಟಕಿಯಾಚೆ ಹಿಡಿದು, ಕುಲುಕಿ ಕುಲುಕಿ ಉಫ್, ಉಫ್. ಅಣ್ಣ ಕೆನ್ನೆ ಉಬ್ಬಿಸಿ ಅದನ್ನೇ ಆ್ಯಕ್ಟ್ ಮಾಡಿ ತೋರಿಸುತ್ತಿದ್ದ. ಗಿರಗಿಟ್ಲೆ ಬಿದ್ದು ಬಿದ್ದು ನಗುತ್ತಿದ್ದಳು. ಆದರೆ ಅತ್ತೆ ಅಲ್ಲಿ ಯಾಕೆ ಊದುತ್ತಾಳೆ ಅಂತ ಒಂದು ದಿನವಾದರೂ ಕೇಳಿರಲಿಲ್ಲ.

ಗಿರಗಿಟ್ಲೆ ಹೊಟ್ಟನ್ನೆಲ್ಲ ಕಿಟಕಿಯಾಚೆ ಸುರಿದು, ಡಬ್ಬಿಯಿಂದ ಹೊಸ ಕಾಳು ಹಾಕಿ ಪಂಜರದಲ್ಲಿಟ್ಟಳು. ಬಾಗಿಲು ಹಾಕುವಷ್ಟರಲ್ಲಿ ಎರಡೂ ಕೆಳಗಿಳಿದಿದ್ದವು.

ಟಿಕ್. ಟಿಕ್. ಟಿಕ್ ಟಿಕ್.

ಮೊದಲ ಸಲ ಅವಳು ಅದನ್ನು ಹತ್ತಿರದಿಂದ ನೋಡಿದಳು. ಮೇಷ್ಟ್ರು ಒಂದು ಕಾಳು ಎತ್ತಿತು. ಸಾಸಿವೆಗಿಂತ ಸ್ವಲ್ಪ ದಪ್ಪದ ಕಾಳು. ನಾಲಿಗೆಯ ತುದಿಯಿಂದಲೇ ಅದನ್ನು ತಿರುಗಿಸಿತು, ಟಿಕ್ ಅಂತ ಒಡೆಯಿತು, ಸಿಪ್ಪೆ ಕೊಕ್ಕಿನ ಪಕ್ಕದಿಂದ ಜಾರಿ ಬಿತ್ತು. ಕೈಯಿಲ್ಲ, ಚಾಕುವಿಲ್ಲ! ತಾನು ಒಂದು ಕಿತ್ತಳೆ ಸುಲಿದರೆ ಅಂಗಿಯೆಲ್ಲ ರಸ. ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಸುಲಿದು, ತಿಂದು, ಇನ್ನೊಂದಕ್ಕೆ ಬಾಗಿತ್ತು. ಎಷ್ಟು ಚೆಂದ ಅಂದ್ರೆ ಎಷ್ಟು ಚೆಂದ. ಇಷ್ಟು ಚೆಂದದ ಜೀವಗಳನ್ನು ನಾನು ಉಪವಾಸ ಕೆಡವಿದೆನಲ್ಲ ಅಂತ ಅವಳಿಗೆ ಅಳು ಬಂದುಬಿಟ್ಟಿತು.

ಅಣ್ಣ ಬಂದು ನಿಂತ. ಎಲ್ಲ ಕೇಳಿ ಅವನಿಗೂ ನಗು ಬರಲಿಲ್ಲ. "ಈಗ ತಿಂತಿದ್ದಾವಲ್ಲ. ಅತ್ತೆಗೆ ಹೇಳ್ಬೇಡ ಬಿಡು. ಹೇಳಿದ್ರೆ ಇನ್ನು ಯಾವತ್ತೂ ನಿನ್ನ ಕೈಗೆ ಕೊಡಲ್ಲ."

ಅದೇ ಅವಳ ಹೆದರಿಕೆಯೂ ಆಗಿತ್ತು. ಫೋನನ್ನು ಎತ್ತಿದಳು, ಇಟ್ಟಳು. ಮತ್ತೆ ಎತ್ತಿದಳು.

"ಅತ್ತೆ, ಬಟ್ಟಲು ತುಂಬಿದೆ ಅಂದ್ನಲ್ಲ, ಅದು ಹೊಟ್ಟು. ನಂಗೆ ಗೊತ್ತಾಗ್ಲಿಲ್ಲ. ಹಸ್ಕೊಂಡು ಕೂತಿದ್ವು ಅತ್ತೆ, ಪಾಪ, ಬೈಯೋಕೂ ಆಗದೆ ಕೂತಿದ್ವು..."

ಆ ಕಡೆ ಗಡಗಡ ಅನ್ನುತ್ತಿದ್ದ ಮೆಷಿನ್ನು ನಿಂತಿತು.

"ಈಗ ತಿಂತಾ ಇದ್ದಾವಾ?" ಅತ್ತೆಯ ದನಿ ಸಣ್ಣದಾಗಿತ್ತು.

"ತಿಂತಾ ಇದ್ದಾವೆ."

"ಫೋನ್ ಅಲ್ಲಿ ಹಿಡಿ."

ಹಿಡಿದಳು. ಟಿಕ್, ಟಿಕ್ ಟಿಕ್, ಟಿಕ್. ಅಷ್ಟರಲ್ಲಿ ಜಗಳಗಂಟಿಗೆ ಹೊಟ್ಟೆ ಸ್ವಲ್ಪ ತುಂಬಿತೇನೋ, ಮೇಷ್ಟ್ರನ್ನು ಪಕ್ಕಕ್ಕೆ ತಳ್ಳಿ ಚರ್ರೆಂದು ಬೈದೇಬಿಟ್ಟಿತು.

ಅತ್ತೆ ಉಸಿರು ಬಿಟ್ಟಿದ್ದು ಫೋನಿನಲ್ಲಿ ಕೇಳಿಸಿತು. "ಸದ್ಯ. ಬೈತಾ ಇದ್ದಾಳೆ ಅಂದ್ರೆ ಗಟ್ಟಿಯಾಗಿದ್ದಾಳೆ. ನಂದೂ ತಪ್ಪಿದೆ ಕಣೇ. ದಿನಾ ಊದಿ ಊದಿ ಅದೊಂದು ಕೆಲಸ ಅನ್ನೋದೇ ನಂಗೆ ಮರ್ತುಹೋಗಿದೆ. ನಿಂಗೆ ಹೇಳಲೇ ಇಲ್ಲ."

"ಇನ್ಮೇಲೆ ಅಣ್ಣಾನೇ ನೋಡ್ಕೋಬೇಕಾ?"

"ಯಾಕೆ? ನೀನೆಲ್ಲಿಗೆ ಹೋಗ್ತೀಯಾ?" ಅಂದಳು ಅತ್ತೆ.

ಆಮೇಲೆ ಗಿರಗಿಟ್ಲೆ ಪ್ರತಿ ಬೆಳಿಗ್ಗೆ ಸ್ಟೂಲ್ ಹತ್ತಿ, ಬಟ್ಟಲನ್ನು ಕಿಟಕಿಯಾಚೆ ಹಿಡಿದು ಊದಿದಳು. ಜೋರಾಗಿ ಊದಿದರೆ ಕಾಳೂ ಹೋಗುತ್ತದೆ, ಮೆಲ್ಲಗೆ ಊದಿದರೆ ಹೊಟ್ಟು ಏಳುವುದಿಲ್ಲ. ಕುಲುಕಬೇಕು, ಹೊಟ್ಟು ಮೇಲೆ ಬರಬೇಕು, ಆಗ ತುಟಿ ಸಣ್ಣ ಮಾಡಿ ಊದಬೇಕು. ನಗುನಗುತ್ತಾ ಅತ್ತೆ ಮಾಡುತ್ತಿದ್ದ ಕೆಲಸ ಇಷ್ಟು ಕಷ್ಟದ್ದಾ ಅಂತ ಅವಳಿಗೆ ಆಶ್ಚರ್ಯವಾಯಿತು. ಅಣ್ಣ ಕೆನ್ನೆ ಉಬ್ಬಿಸಿ ಆ್ಯಕ್ಟ್ ಮಾಡಲಿಲ್ಲ. ಕೆಳಗೆ ಬಿದ್ದ ಹೊಟ್ಟನ್ನು ಪೊರಕೆ ತಂದು ಗುಡಿಸಿದ.

ಅತ್ತೆ ಬಂದ ದಿನ ಚಪ್ಪಲಿ ಕೂಡ ಸರಿಯಾಗಿ ಬಿಡದೆ ಹಿಂದಿನ ಕೋಣೆಗೆ ನಡೆದಳು. ಮೇಷ್ಟ್ರು ಕಂಬಿಯ ಮೇಲೆ ಓಡಾಡಿ ಸ್ವಾಗತ ಮಾಡಿತು. ಜಗಳಗಂಟಿ ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಅನ್ನೋ ಹಾಗೆ ಬೈಯಿತು. ಅತ್ತೆ ಬಟ್ಟಲು ತೆಗೆದು, ಕಿಟಕಿಯಾಚೆ ಹಿಡಿದು ಉಫ್ ಅಂದಳು.

ಏನೂ ಹಾರಲಿಲ್ಲ. ಅತ್ತೆ ಇನ್ನೂ ಜೋರಾಗಿ ಊದಿದಳು.

"ಅತ್ತೆ, ಮೆಲ್ಲಗೆ!" ಗಿರಗಿಟ್ಲೆ ಓಡಿ ಬಂದಳು. "ಅದು ಕಾಳು! ಹೊಟ್ಟು ನಾನು ಆಗ್ಲೇ ತೆಗ್ದಿದ್ದೀನಿ."

ಅತ್ತೆ ಬಟ್ಟಲಿಗೆ ಬೆರಳು ಹಾಕಿ ತಳದವರೆಗೂ ನೋಡಿದಳು. ಆಮೇಲೆ ತಿರುಗಿ ಗಿರಗಿಟ್ಲೆಯ ಮುಖ ನೋಡಿದಳು. ಅವಳ ಹುಬ್ಬಿನ ಮೇಲೆ ಒಂದು ಹೊಟ್ಟಿನ ಚೂರು ಕೂತಿತ್ತು.

ಅತ್ತೆ ಬಗ್ಗಿ, ತುಟಿ ಸಣ್ಣ ಮಾಡಿ, ಉಫ್ ಅಂತ ಊದಿದಳು.

ಗಿರಗಿಟ್ಲೆ ಕಣ್ಣು ಮುಚ್ಚಿಕೊಂಡು, ಅಲ್ಲಾಡದೆ ನಿಂತಳು.