ಧರ್ಮಾಧ್ಯಕ್ಷರ ಎರಡು ಬೆರಳು

ಭಾನುವಾರದ ಪೂಜೆಗೆ ಇನ್ನೂ ಒಂದು ಗಂಟೆಯಿತ್ತು. ಅಂದು ಚರ್ಚಿನಲ್ಲಿ ಅನಾವರಣವಾಗಬೇಕಿದ್ದ ಹೊಸ ಮೂರ್ತಿಗೆ ಹೊದಿಸಿದ್ದ ಬಿಳಿ ಬಟ್ಟೆ ಸರಿಮಾಡಲು ಹೋದ ಫಾದರ್ ಬೆನೆದಿಕ್ತಸ್ ಓಡಿಬಂದು ಪೊಲೀಸರಿಗೆ ಹೇಳಿಕಳಿಸಿದರು. ಧರ್ಮಾಧ್ಯಕ್ಷ ಔಗುಸ್ತಿನಸರ ಮೂರ್ತಿಯ ಬಲಗೈಯಲ್ಲಿ ಹೆಬ್ಬೆರಳಿಲ್ಲ, ತೋರುಬೆರಳಿಲ್ಲ. ಯಾರೋ ಗರಗಸ ಹಾಕಿ ಕೊಯ್ದಿದ್ದರು. ಗರಗಸ ಅಲ್ಲೇ ಬಿದ್ದಿತ್ತು.

ಆ ಬಿಷಪ್ಪರನ್ನು ಯುದ್ಧಕಾಲದಲ್ಲಿ ಜರ್ಮನರು ಎರಡು ವರ್ಷ ಕೂಡಿಹಾಕಿದರು. ಆಮೇಲೆ ಬಂದ ಸೋವಿಯತ್ತರು ಸೆರೆಮನೆಯಲ್ಲೇ ಕೊಂದು ಗುಂಡಿಗೆ ಎಸೆದರು. ಸುಮಾರು ಐವತ್ತು ವರ್ಷ ಅವರ ಹೆಸರನ್ನು ಗಟ್ಟಿಯಾಗಿ ಹೇಳಲು ಹೆದರಿದ್ದ ನಮ್ಮ ಗಿರ್ವೆನೈ ಊರು ಈಗ ಮರದ ಮೂರ್ತಿ ಕೆತ್ತಿಸಿತ್ತು. ಅದಕ್ಕೂ ಇದೇ ಗತಿಯೇ?

ಜನ ತೀರ್ಪು ಕೊಟ್ಟಾಗಿತ್ತು — ಬಡಗಿ ಜಿಗ್ಮಾಸನದೇ ಕೆಲಸ. ಅವನ ಅಪ್ಪ ಕಮ್ಯುನಿಸ್ಟ್ ಪಕ್ಷದ ಮಾತು ಕೇಳಿ ಇದೇ ಚರ್ಚಿಗೆ ಬೀಗ ಜಡಿದವನು. ಅರ್ಧ ಗಂಟೆಯೊಳಗೆ ಜಿಗ್ಮಾಸನ ಕಿಟಕಿಗೆ ಕಲ್ಲು ಬಿತ್ತು. ಅವನ ಹೆಂಡತಿ ಊರು ಬಿಡಲು ಗಂಟು ಕಟ್ಟತೊಡಗಿದಳು.

ಇನ್‌ಸ್ಪೆಕ್ಟರ್ ರಮುನೆ ಬಂದರು. ನಾನು ಅವರ ಪೇದೆ.

"ಚರ್ಚಿನ ಬೀಗದ ಕೈ ಯಾರ ಹತ್ರ ಇರತ್ತೆ?"

"ಮೂರು ಜನರ ಹತ್ರ ಮೇಡಂ. ಫಾದರ್, ಮೂರ್ತಿಯ ಪೀಠ ಕೂರಿಸಿದ ಜಿಗ್ಮಾಸ್, ಆರ್ಗನ್ ನುಡಿಸೋ ಪ್ರಾನಸ್ ತಾತ."

ಮೂವರನ್ನೂ ಮೂರ್ತಿಯ ಮುಂದೆ ಕೂರಿಸಿದರು.

"ಗರಗಸ ನಿಂದೇನಾ, ಜಿಗ್ಮಾಸ್?"

"ನಂದೇ. ನಿನ್ನೆ ಇಲ್ಲೇ ಬಿಟ್ಟು ಹೋಗಿದ್ದೆ. ಹಾಳು ಮಾಡೋ ಮನಸ್ಸಿದ್ರೆ ತಲೇನೇ ಕೊಯ್ತಿದ್ದೆ. ಎರಡು ಬೆರಳು ತಗೊಂಡು ನಾನೇನ್ ಉಪ್ಪಿನಕಾಯಿ ಹಾಕ್ಲಾ?"

"ನನ್ನ ಪ್ರಶ್ನೇನೂ ಅದೇ. ಅವೆರಡೇ ಯಾಕೆ? ಫಾದರ್, ಆ ಬೆರಳಲ್ಲಿ ಏನ್ ಮಾಡ್ತೀರಿ?"

"ಪರಮಪ್ರಸಾದದ ರೊಟ್ಟಿ ಎತ್ತೋದು," ಎಂದರು ಫಾದರ್. "ಹಳೇ ಕಾಲದಲ್ಲಿ ರೊಟ್ಟಿ ಮುಟ್ಟಿದ ಮೇಲೆ, ಬೆರಳು ತೊಳೆಯೋವರೆಗೂ ಅವೆರಡನ್ನ ಬಿಡಿಸ್ತಾನೇ ಇರಲಿಲ್ಲ."

ರಮುನೆ ಚೀಲದಿಂದ ಒಂದು ಕಾಗದ ತೆಗೆದರು.

"ಧರ್ಮಾಧ್ಯಕ್ಷರನ್ನ ಎಸೆದಿದ್ದ ಗುಂಡಿಯಿಂದ ತೆಗೆದ ಮೂಳೆಗಳ ವರದಿ. ನಾನು, ಡಾಕ್ಟರು ಬಿಟ್ಟು ಯಾರೂ ಓದಿಲ್ಲ. ಸಾಯೋ ಮುಂಚೆ ಧರ್ಮಾಧ್ಯಕ್ಷರ ಇವೇ ಎರಡು ಬೆರಳು ಜಜ್ಜಿದ್ದಾರೆ — ಇನ್ಮೇಲೆ ರೊಟ್ಟಿ ಎತ್ತಿ ಬಲಿಪೂಜೆ ಮಾಡಬಾರದು ಅಂತ."

ರಮುನೆ ಕಾಗದ ಮಡಿಚಿದರು.

"ನಾವೆಲ್ಲ ಮೂರ್ತಿಯ ಕೈ ಮುರಿದಿದೆ ಅಂತಷ್ಟೇ ನೋಡಿದ್ವಿ. ಯಾವ ಬೆರಳು ಅಂತ ನೋಡಲಿಲ್ಲ. ಚರ್ಚಿನ ಮೆಟ್ಟಿಲೇ ಹತ್ತದ ಸೋವಿಯತ್ ಅಧಿಕಾರಿಗೆ ಈ ಬೆರಳೇ ಅಂತ ಹೇಗೆ ಗೊತ್ತಾಯ್ತು? ಪೂಜೇಲಿ ಪಕ್ಕದಲ್ಲೇ ನಿಂತು ನೋಡಿದವರು ಹೇಳ್ಕೊಟ್ಟಿರಬೇಕು. ಜಜ್ಜಿದ್ದು ಈ ಊರಲ್ಲಿ ಗೊತ್ತಿರೋನು ಅವನೊಬ್ಬನೇ, ಹಾಗಾಗಿ ಮೂರ್ತಿಯ ಬೆರಳು ಕೊಯ್ದೋನೂ ಅವನೇ. ಫಾದರ್, ಜಿಗ್ಮಾಸ್ ಇಬ್ರೂ ಆಗ ಹುಟ್ಟೇ ಇರಲಿಲ್ಲ. ಪ್ರಾನಸ್ ತಾತ — ಅವರ ಪೂಜೆಗೆ ಪಕ್ಕದಲ್ಲಿ ನಿಲ್ತಿದ್ದೋರು ಯಾರು?"

ಮುದುಕ ತಲೆಯೆತ್ತಲಿಲ್ಲ.

"ನಾನೇ. ನನ್ನನ್ನೂ ಹಿಡ್ಕೊಂಡು ಹೋಗಿದ್ರು. ಇಪ್ಪತ್ತು ವಯಸ್ಸು. ಹೊಡೆತ ತಡೀಲಾರದೆ ಯಾವ ಬೆರಳು ಅಂತ ಹೇಳ್ಬಿಟ್ಟೆ. ಅವರ ಕೈ ಒತ್ತಿ ಹಿಡ್ಕೊ ಅಂದ್ರು. ಹಿಡ್ಕೊಂಡೆ."

ನನ್ನ ಮದುವೆಗೂ ಅಪ್ಪನ ಮಣ್ಣಿಗೂ ಆರ್ಗನ್ ನುಡಿಸಿದ್ದು ಅದೇ ಕೈ.

"ಈಗ್ಯಾಕೆ ಕೊಯ್ದಿರಿ?" ಎಂದರು ರಮುನೆ.

"ನೀವೆಲ್ಲ ಮೂರ್ತೀಲಿ ಅವರ ಬೆರಳು ವಾಪಸ್ ಕೊಟ್ಬಿಟ್ರಲ್ಲ ತಾಯಿ. ಏನೂ ಆಗೇ ಇಲ್ಲ ಅನ್ನೋ ಹಾಗೆ. ಅದನ್ನ ನೋಡ್ಕೊಂಡು ಹೇಗೆ ನುಡಿಸ್ಲಿ?"

ಜಿಗ್ಮಾಸ್ ಎದ್ದು ನಿಂತ. "ನನ್ನ ಮನೆಗೆ ಕಲ್ಲು ಬಿದ್ದಾಗ್ಲೂ ಸುಮ್ನಿದ್ರಲ್ಲ ತಾತ?"

"ಹೂಂ ಕಣಪ್ಪ. ನಾನು ಬಾಯಿಬಿಟ್ಟು ಒಬ್ಬರನ್ನ ಕೊಂದೆ. ಬಾಯಿಮುಚ್ಕೊಂಡು ನಿನ್ನನ್ನೂ ಕೊಲ್ತಿದ್ದೆ."