ಯಾವ ಕಾಲು ಮುಂದೆ?

ಮನುಷ್ಯರು ಬದುಕಿನಲ್ಲಿ ತೀರ್ಮಾನಿಸಬೇಕಾದ ಅತ್ಯಂತ ಗಂಭೀರ ವಿಷಯ ಒಂದೇ: ಹೊಸ್ತಿಲು ದಾಟುವಾಗ ಯಾವ ಕಾಲು ಮೊದಲು? ಓದು, ಉದ್ಯೋಗ, ಮದುವೆ... ಇವೆಲ್ಲ ಆಮೇಲಿನ ಮಾತು. ಇದು ಗುತ್ತೂರಿನ ದುರುಗವ್ವನ ಖಚಿತ ಅಭಿಪ್ರಾಯ. ಮೊಮ್ಮಗಳು ಭವ್ಯಾ ಮಗುವಾಗಿ ತಪ್ಪುಹೆಜ್ಜೆ ಇಡುತ್ತಿದ್ದ ದಿನಗಳಿಂದ ಆಕೆ ಕಲಿಸಿದ ಪಾಠವೂ ಇದೇ.

"ಬಲಗಾಲು ಮೊದ್ಲು! ಎಡಗಾಲು ಇಟ್ರೆ ಹೋದ ಕೆಲ್ಸ ಕೆಡ್ತೈತೆ ನೋಡು."

ಹಾಗಾಗಿ ಆ ಭಾನುವಾರ ಬೆಳಿಗ್ಗೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಬಾಕ್ಸಿಂಗ್ ಕೋಣೆಗೆ ಭವ್ಯಾ ಬಲಗಾಲಿಟ್ಟೇ ಬಂದಳು. ಬಂದ ಐದನೇ ನಿಮಿಷಕ್ಕೆ ಅಲ್ಲಿನ ಕೋಚ್ ಅಂಜನಕುಮಾರನನ್ನು ಎತ್ತಿ ನೆಲಕ್ಕೆ ಹಾಕಿದಳು.

ತಪ್ಪು ಅವನದೂ ಇತ್ತು. ಎರಡೂ ಕೈ ಎತ್ತಿ, "ಹೊಡೀರಿ ನೋಡೋಣ" ಅಂದಿದ್ದ.

"ನಾನು ಹೇಳಿದ್ದು ಹೊಡೀರಿ ಅಂತ," ಅಂದ, ಚಾವಣಿ ನೋಡುತ್ತ ಮಲಗಿದಲ್ಲಿಂದಲೇ.

"ಸಾರಿ ಸರ್... ನೀವು ಕೈ ಎತ್ತಿದ್ರಿ, ಕಾಲು ಖಾಲಿ ಕಾಣ್ತು. ಹಿಡ್ಕಂಡೆ."

ಅಭ್ಯಾಸ ಅಂಥದು. ಭವ್ಯಾ ಬೆಳೆದದ್ದು ತಾತನ ಗರಡಿಯ ಕೆಮ್ಮಣ್ಣಿನಲ್ಲಿ. ಕುಸ್ತಿಯಲ್ಲಿ ಅವಳ ಹಿಡಿತಕ್ಕೆ ಸಿಕ್ಕವರು ಬಿಡಿಸಿಕೊಂಡದ್ದು ಕಡಿಮೆ. ಈಗ ಅವಳ ಕಣ್ಣು ಎಂಎಂಎ ಎಂಬ ಮಿಶ್ರ ಕಾಳಗದ ಮೇಲೆ. ಅಲ್ಲಿ ಕೆಡವುವುದೂ ಉಂಟು, ಗುದ್ದುವುದೂ ಉಂಟು, ಒದೆಯುವುದೂ ಉಂಟು. ಕೆಡವುವುದು ಬರುತ್ತಿತ್ತು. ಹೊಡೆಯುವುದಕ್ಕೆ ಒಂದು ವಿದ್ಯೆ ಆರಿಸಿಕೊಳ್ಳಬೇಕಿತ್ತು. ರಾಜ್ಯ ತಂಡದ ಆಯ್ಕೆಗೆ ಉಳಿದದ್ದು ಐದು ತಿಂಗಳು. ಅವಳ ತೂಕಕ್ಕೆ ತಂಡದಲ್ಲಿ ಒಂದೇ ಜಾಗ.

"ಕರಾಟೆ ಐತೆ, ಒದೆಯೋ ಮುಯ್ ಥಾಯ್ ಐತೆ. ಬಾಕ್ಸಿಂಗೇ ಯಾಕ?" ಎದ್ದು ಬೆನ್ನಿನ ಹಿಟ್ಟು ಕೊಡವುತ್ತ ಕೇಳಿದ.

"ಬಾಕ್ಸಿಂಗಿಗೆ ಎರಡು ಕೈ ಸಾಕು. ಕಲಿಯೋದು ಕಮ್ಮಿ ಅಂತ ಬಂದೆ."

ಅವನು ನಕ್ಕುಬಿಟ್ಟ.

'ಅಯ್ಯೋ... ಇವ್ನು ಹಿಂಗೆ ನಗ್ತಿದ್ರೆ ನಾನು ಕಲಿತಂಗೇ!' ಅಂದುಕೊಂಡಳು ಭವ್ಯಾ.

ಕಲಿಯಲಿಲ್ಲ ಕೂಡ. ಎರಡು ತಿಂಗಳು ಫ್ಯಾಕ್ಟರಿ ಪಾಳಿ ಮುಗಿಸಿ ಬಸ್ ಹತ್ತಿ ಬಂದಳು. ಅವಳ ಕೈಗೆ ಪಟ್ಟಿ ಸುತ್ತಲು ಅವನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದ, ಅವಳೂ ಅವಸರ ಮಾಡುತ್ತಿರಲಿಲ್ಲ. "ಗದ್ದ ಕೆಳಗೆ, ಭವ್ಯಾ" ಎಂದು ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದ. ಮೂವತ್ತು ಸಲ ಅವಳ ಗದ್ದ ಕೆಳಗೇ ಇರುತ್ತಿತ್ತು. ಆದರೂ ಗುದ್ದಿನಲ್ಲಿ ತೂಕ ಬರಲಿಲ್ಲ. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಅವನಿಗಂತೂ ತಿಳಿಯಲೇ ಇಲ್ಲ.

ಆಯ್ಕೆಯ ಅರ್ಜಿ ಬಂದ ಸಂಜೆ ಭವ್ಯಾ ಬೆಂಚಿನ ಮೇಲೆ ಕೂತು ಸಹಿ ಹಾಕುತ್ತಿದ್ದಳು. ಅಂಜನ ಅವಳ ಕೈಯನ್ನೇ ನೋಡುತ್ತ ನಿಂತ.

"ನೀನು... ಬಲಗೈಯವಳಾ?"

"ಹೂಂ ಸರ್. ಯಾಕ?"

ಅವನ ಮುಖದ ಬಣ್ಣವೇ ಇಳಿದುಹೋಯಿತು. ಕಿಟಕಿಯ ತನಕ ಹೋದ, ಮರಳಿ ಬಂದ.

"ನಾಳೆಯಿಂದ ಇಲ್ಲಿಗೆ ಬರಬ್ಯಾಡ. ಹರಿಹರಕ್ಕೆ ಹೋಗು, ಜೈನಾಬಿ ಆಪಾ ಹತ್ರ. ಮುಯ್ ಥಾಯ್ ಕಲಿ."

"ನಾನೇನು ತಪ್ಪು ಮಾಡಿದೆ ಸರ್?"

"ತಪ್ಪೇನಿಲ್ಲ. ಬಾಕ್ಸಿಂಗ್ ನಿನಗಲ್ಲ. ಅಷ್ಟೇ."

ಅಷ್ಟೇ! ಎರಡು ತಿಂಗಳಿಗೆ ಒಂದು 'ಅಷ್ಟೇ'! ಹರಿಹರದ ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ತಿರುಗಿಸಿ ಕೂತಳು. ಪಕ್ಕದ ಹೆಂಗಸು, "ಧೂಳು ಬಿತ್ತೇನವ್ವ ಕಣ್ಣಿಗೆ?" ಎಂದು ಕೇಳಿದ್ದಕ್ಕೆ ಹೌದೆಂದು ತಲೆಯಾಡಿಸಿದಳು.

ಜೈನಾಬಿ ಹರಿಹರ ರೈಲ್ವೆ ಸ್ಟೇಷನ್ ಹಿಂದಿನ ಶೆಡ್ಡಿನಲ್ಲಿ ಹುಡುಗಿಯರಿಗೆ ಒದೆಯುವುದು ಕಲಿಸುವ ನಲವತ್ತೈದರ ಹೆಂಗಸು. ಭವ್ಯಾ ಒಳಗೆ ಬರುತ್ತಲೇ ಆಕೆ ನೋಡಿದ್ದು ಮುಖವನ್ನಲ್ಲ, ಪಾದಗಳನ್ನು.

"ನಿಲ್ಲು ಬೇಟಿ, ಹೊಡೆದಾಟಕ್ಕೆ ನಿಂತಂಗೆ ನಿಲ್ಲು... ಹಾಂ. ಬಲಗಾಲು ಮುಂದಿಡಾಕೆ ಯಾರು ಹೇಳಿದ್ದು?"

"ನಮ್ಮಜ್ಜಿ."

ಜೈನಾಬಿ ಹೊಟ್ಟೆ ಹಿಡಿದು ನಕ್ಕಳು. "ಅಜ್ಜಿ ಹೊಸ್ತಿಲಿಗೆ ಹೇಳಿದ್ದನ್ನ ನೀನು ಯುದ್ಧಕ್ಕೆ ಹಾಕ್ಕಂಡೀಯಲ್ಲೇ! ನಿನ್ನ ಜೋರು ಬಲಗಡೆ ಐತೆ. ಬಲಗೈ, ಬಲಗಾಲು ಎರಡೂ ಮುಂದೆ ಬಂದು ಕುಂತ್ರೆ ಬೀಸಾಕೆ ಜಾಗ ಎಲ್ಲೈತೆ? ಹಿಂದಿನಿಂದ ಬಂದ್ರೇನೇ ಏಟಿಗೆ ತೂಕ. ಎಡಗಾಲು ಮುಂದಿಡು."

ಇಟ್ಟಳು. ಹಿಂದಿನಿಂದ ಬಂದ ಬಲಗಾಲು ಒದೆಯುವ ಚೀಲಕ್ಕೆ ಬಡಿದಾಗ ಶೆಡ್ಡಿನ ತಗಡು ನಡುಗಿತು. ಭವ್ಯಾಳೂ ನಡುಗಿದಳು. ಇದು ತನ್ನದೇ ಕಾಲೇ?

"ಇನ್ನೊಂದು ಕೇಳು. ನಮ್ಮದ್ರಾಗೆ ಕತ್ತು ಹಿಡಿದು ಹೊಟ್ಟಿಗೆ ಮೊಣಕಾಲು ಕೊಡ್ತೀವಿ. ಹಿಡಿಯೋದು ನಿನಗೆ ಗರಡಿಯಾಗೇ ಬಂದೈತೆ. ಅರ್ಧ ಕಲಿತು ಬಂದೀ ನೀನು."

ಅಂದು ಅವಳಿಗೆ ಊಟ ಸೇರಲಿಲ್ಲ. ಆಪಾ ಒಂದು ನಿಮಿಷದಲ್ಲಿ ಕಂಡದ್ದು ಅಂಜನನಿಗೆ ಎರಡು ತಿಂಗಳು ಕಾಣಲಿಲ್ಲವೇ? ಅಥವಾ... ಕಂಡೂ ಹೇಳಲಿಲ್ಲವೇ?

ಉತ್ತರ ಅವಳಿಗೆ ತಿಂಗಳೊಪ್ಪತ್ತಿನಲ್ಲೇ ಸಿಕ್ಕಿತು, ಅಥವಾ ಸಿಕ್ಕಿತೆಂದುಕೊಂಡಳು. ಅವನು ಕೊಟ್ಟಿದ್ದ ಗ್ಲೌಸ್ ಮರಳಿಸಲು ನಿಟ್ಟುವಳ್ಳಿಗೆ ಹೋದಾಗ ಸುಷ್ಮಾ ಅಲ್ಲಿ ಗುದ್ದುತ್ತಿದ್ದಳು. ನಾಲ್ಕು ವರ್ಷದಿಂದ ಅವನ ಶಿಷ್ಯೆ, ಜಿಲ್ಲೆಗೇ ಹೆಸರಾದ ಬಾಕ್ಸರ್.

"ಗೊತ್ತಾಯ್ತಾ ಭವ್ಯಾ? ಹೋದ ವಾರ ನಾನೂ ಎಂಎಂಎಗೆ ಹೆಸ್ರು ಕೊಟ್ಟೀನಿ," ಅಂದಳು ಸುಷ್ಮಾ, ಬೆವರೊರೆಸುತ್ತ. "ನಿನ್ನ ತೂಕಕ್ಕೇ. ಸರ್ ನನ್ನ ಕಡೆ ಅದಾರೆ. ನೀನು ಪಾಪ, ಒದಿಯೋದು ಕಲೀತಿದ್ಯಂತೆ?"

ಭವ್ಯಾ ಅಂಜನನ ಕಡೆ ತಿರುಗಿದಳು. "ನನ್ನ ಕಳಿಸಿದ್ದು ಇದಕ್ಕೇನಾ?"

"ಅಲ್ಲ."

"ಮತ್ಯಾಕ?"

ಅವನು ಬಾಯಿ ತೆರೆದ. ಸುಷ್ಮಾ ಅವನನ್ನೇ ನೋಡುತ್ತಿದ್ದಳು. ಭವ್ಯಾಳ ಕಾಲಿನ ಕಥೆ ಈಗ ಎದುರಾಳಿಯ ಕಥೆ. ಒಬ್ಬಳ ಗುಟ್ಟು ಇನ್ನೊಬ್ಬಳ ಎದುರು ಹೇಳುವಂತಿಲ್ಲ. ಅವನು ಬಾಯಿ ಮುಚ್ಚಿದ. ಜಗತ್ತಿನ ಅರ್ಧ ಪ್ರೇಮಗಳು ಕೆಡುವುದು ಇಂಥ ಸಭ್ಯತೆಯಿಂದಲೇ.

"ಆಯ್ಕೆ ದಿನ ಕೇಜಿನಾಗೆ ಸಿಗೋಣ ಸರ್," ಎಂದು ಗ್ಲೌಸನ್ನು ನೆಲದ ಮೇಲಿಟ್ಟು ಇಳಿದುಬಂದಳು. ಮೆಟ್ಟಿಲು ಮುಗಿಯುವವರೆಗೂ ಅಳಲಿಲ್ಲ.

ಆಯ್ಕೆಯ ಪಂದ್ಯ ದಾವಣಗೆರೆಯಲ್ಲೇ ನಡೆಯಿತು. ಮಧ್ಯಾಹ್ನ ಮೂರು ಗಂಟೆ. ಮೂರು ನಿಮಿಷದ ಮೂರು ಸುತ್ತು. ಬಲೆ ಕಟ್ಟಿದ ಕೇಜಿನ ಒಂದು ಬದಿಗೆ ಜೈನಾಬಿ. ಎದುರು ಬದಿಗೆ, ಸುಷ್ಮಾಳ ಹಿಂದೆ, ನೀರಿನ ಬಾಟಲಿ ಹಿಡಿದು ಅಂಜನ.

ಕೇಜಿನ ಬಾಗಿಲಲ್ಲಿ ಭವ್ಯಾ ಒಂದು ಕ್ಷಣ ನಿಂತಳು. ಎರಡನೇ ಸಾಲಿನಿಂದ ದುರುಗವ್ವನ ದನಿ ಬಂತು: "ಬಲಗಾಲು!" ಅಜ್ಜಿಗಾಗಿ ಬಲಗಾಲಿಟ್ಟು ಒಳಗೆ ಹೋದಳು. ಹೋಗಿ, ಆಪಾಳಿಗಾಗಿ ಎಡಗಾಲು ಮುಂದಿಟ್ಟು ನಿಂತಳು.

ಮೊದಲ ಸುತ್ತು ಪೂರ್ತಿ ಸುಷ್ಮಾಳದು. ಅವಳ ಎಡಗೈ ಹಾವಿನ ನಾಲಗೆಯಂತೆ ಬಂದು ಹೋಗುತ್ತಿತ್ತು. ಭವ್ಯಾಳ ತುಟಿ ಒಡೆಯಿತು. ಮೂಗಿನಿಂದ ಬಿಸಿಯಾದದ್ದೇನೋ ಇಳಿಯಿತು. ಭಯವಾದಾಗ ಮನುಷ್ಯರು ಮನೆಗೆ ಮರಳುತ್ತಾರೆ. ಭವ್ಯಾಳ ಬಲಗಾಲು ತಾನಾಗಿಯೇ ಮುಂದೆ ಜಾರಿತು.

ಆಗ ಎದುರು ಬದಿಯಿಂದ ಆ ದನಿ.

"ಸುಷ್ಮಾ! ಅವಳ ಬಲಗಾಲು ಮುಂದೆ ಬಂದಾಗ ನುಗ್ಗು! ಆಗ ಅವಳ ಹತ್ರ ಏನೂ ಇರಲ್ಲ!"

ಭವ್ಯಾಳ ಎದೆಗೆ ಅದಕ್ಕಿಂತ ದೊಡ್ಡ ಏಟು ಆ ದಿನ ಬೀಳಲಿಲ್ಲ.

'ಗೊತ್ತಿತ್ತು... ಇವ್ನಿಗೆ ನನ್ನ ಕಾಲು ಗೊತ್ತಿತ್ತು! ಗೊತ್ತಿದ್ದೂ ಅವಳಿಗೆ ಹೇಳ್ತಿದಾನೆ!'

ಸುಷ್ಮಾ ನುಗ್ಗಿದಳು. ಮೂರು ಗುದ್ದು ಬಿದ್ದವು. ಸುತ್ತು ಮುಗಿದ ಗಂಟೆ ಬಡಿಯಿತು.

"ಅಳೋದು ಆಮೇಲೆ ಬೇಟಿ," ಅಂದಳು ಜೈನಾಬಿ, ಮೂಗಿಗೆ ಹತ್ತಿ ಒತ್ತುತ್ತ. "ಅವನು ಕೂಗಿದ್ದು ಕೇಳಿಸ್ತಲ್ಲ? ಖರೇ ಐತೆ. ಕಾಲು ಸರಿ ಮಾಡ್ಕೋ. ಅವಳು ಗುದ್ದಾಕೆ ಬಂದಾಗ ಮುಂದಿನ ಕಾಲ ಮೇಲೆ ಭಾರ ಹಾಕ್ತಾಳೆ. ಆ ತೊಡೆ ನಿಂದು."

ಎರಡನೇ ಸುತ್ತು. ಎಡಗಾಲು ಮುಂದೆ. ಸುಷ್ಮಾ ಭಾರ ಹಾಕಿ ಬಂದಳು. ಹಿಂದಿನಿಂದ ಬೀಸಿದ ಬಲಗಾಲು ಅವಳ ತೊಡೆಗೆ ಬಿತ್ತು. ಮತ್ತೊಮ್ಮೆ. ಮತ್ತೊಮ್ಮೆ! ನಾಲ್ಕನೇ ಒದೆಗೆ ಸುಷ್ಮಾಳ ಆ ಕಾಲು ಹೆಜ್ಜೆಯನ್ನೇ ಮರೆಯಿತು.

ಮೂರನೇ ಸುತ್ತಿನಲ್ಲಿ ಸುಷ್ಮಾ ಕಾಲು ಕಾಯಲು ಹೋಗಿ ಹತ್ತಿರ ಬಂದಳು. ಗರಡಿಯ ಹುಡುಗಿಗೆ ಬೇಕಾದ್ದೂ ಅದೇ. ಕತ್ತು ಹಿಡಿದಳು. ಹೊಟ್ಟೆಗೆ ಎರಡು ಮೊಣಕಾಲು, ಆಮೇಲೆ ತಾತ ಕಲಿಸಿದ ಒಂದು ಪಟ್ಟು. ಕೊನೆಯ ಗಂಟೆ ಬಡಿದಾಗ ಭವ್ಯಾ ಮೇಲಿದ್ದಳು.

ಮೂವರು ತೀರ್ಪುಗಾರರಲ್ಲಿ ಇಬ್ಬರು ಅವಳಿಗೆ ಗೆಲುವು ಕೊಟ್ಟರು. ತಂಡದ ಜಾಗ ಅವಳದಾಯಿತು. ಅಂಜನ ಸುಷ್ಮಾಳ ತೊಡೆಗೆ ಐಸ್ ಒತ್ತುತ್ತಿದ್ದ. ಭವ್ಯಾಳ ಕಡೆ ನೋಡಲಿಲ್ಲ.

"ನೋಡಾಕೆ ಧೈರ್ಯ ಇಲ್ಲ ಅವನಿಗೆ," ಅಂದಳು ಜೈನಾಬಿ. "ನಿನ್ನ ನನ್ನ ಹತ್ರ ಕಳಿಸಿದ ದಿನ ಫೋನ್ ಮಾಡಿದ್ದ. 'ಆಪಾ, ಮೊದ್ಲು ಅವಳ ಕಾಲು ನೋಡು, ನಾನು ಹಾಳು ಮಾಡೀನಿ' ಅಂದ. ಪಂದ್ಯ ಮುಗಿಯೋತಂಕ ಹೇಳಬ್ಯಾಡ ಅಂದಿದ್ದ. ಮುಗೀತಲ್ಲ? ಹೋಗು, ಕೇಳು."

ಹೊರಗೆ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಅವನು ಒಬ್ಬನೇ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಮುಂದಿದ್ದ ತಟ್ಟೆಯಿಂದ ಮಿರ್ಚಿ ತೆಗೆದು ಪಕ್ಕಕ್ಕಿಟ್ಟ, ಬರೀ ಮಂಡಕ್ಕಿಯನ್ನು ಅವಳತ್ತ ಸರಿಸಿದ.

"ತುಟಿ ಒಡದೈತೆ. ಖಾರ ಬ್ಯಾಡ."

"ಎರಡು ತಿಂಗಳು ನನ್ನ ಕಾಲು ನೋಡ್ಲಿಲ್ಲ ನೀವು."

"ಸರಿಯಾಗಿ ನೋಡ್ಲಿಲ್ಲ. ಬಲಗಾಲು ಮುಂದಿಟ್ಟು ನಿಲ್ಲೋರು ಎಡಗೈಯವ್ರು, ನೀನೂ ಹಂಗೇ ಅನ್ಕಂಡು ಸುಮ್ನಿದ್ದೆ. ನೀನು ಬಲಗೈಯಾಗೆ ಸಹಿ ಹಾಕಿದಾಗ ಎದೆ ಧಸಕ್ ಅಂತು."

"ಮತ್ತೇನು ನೋಡ್ತಿದ್ರಿ ಅಷ್ಟು ದಿನ?"

ಅವನು ಪಕ್ಕಕ್ಕಿಟ್ಟಿದ್ದ ಮಿರ್ಚಿಯನ್ನು ಇನ್ನಷ್ಟು ದೂರ ಸರಿಸಿದ.

"ಮುಖ."

ಭವ್ಯಾ ಬೆಂಚಿನ ಮೇಲೆ ಕೂತು ಮಂಡಕ್ಕಿ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. ಕಣ್ಣು ಮಂಜಾಗಿತ್ತು.

"ಗದ್ದ ಕೆಳಗೆ, ಗದ್ದ ಕೆಳಗೆ ಅಂತಿದ್ದೆನಲ್ಲ... ಅದಕ್ಕೇ. ಶಿಷ್ಯೆ ಮುಖ ನೋಡ್ತಾ ಕುಂತ ಕೋಚ್ ಹತ್ರ ನೀನಿದ್ರೆ ನಿನ್ನ ಜಾಗ ಹೋಗ್ತಿತ್ತು ಭವ್ಯಾ. ಕಳಿಸದೆ ಬ್ಯಾರೆ ದಾರಿ ಇರಲಿಲ್ಲ. ಆಮೇಲೆ ಹೇಳಾಣ ಅಂದ್ರೆ ಸುಷ್ಮಾ ನಿನ್ನ ಎದುರಾಳಿ ಆದ್ಲು."

"ಇವತ್ತು ಕೂಗಿದ್ರಲ್ಲ, ಬಲಗಾಲು ಅಂತ. ಅದು ಯಾರಿಗೆ?"

"ಸುಷ್ಮಾಗೆ," ಅಂದ, ತಡವರಿಸದೆ. "ಅವಳ ಬದಿಗೆ ನಿಂತ ಮೇಲೆ ಅವಳಿಗೇ."

ಭವ್ಯಾ ಮೊದಲ ಬಾರಿಗೆ ನಕ್ಕಳು. ತುಟಿ ಉರಿಯಿತು.

"ನನಗೇ ಹೇಳಿದ್ದು ಅಂದಿದ್ರೆ ಎದ್ದು ಹೋಗ್ತಿದ್ದೆ."

"ಗೊತ್ತು."

"ಈಗ ನನಗೊಂದು ಹೇಳ್ರಿ."

"ನಿನ್ನ ಬಿಟ್ಟು ಇರಾಕೆ ಆಗಲ್ಲ. ಈ ಮೂರು ತಿಂಗಳು ನೋಡಿದೆ... ಆಗಲ್ಲ."

"ಹಂಗಾದ್ರೆ ಬಂದು ನಮ್ಮಜ್ಜಿ ಹತ್ರ ಮಾತಾಡು ಅಂಜನ." ಸರ್ ಎಂಬುದು ಎಲ್ಲಿಯೋ ಬಿದ್ದುಹೋಗಿತ್ತು. "ಒಳಗೆ ಬರುವಾಗ ಯಾವ ಕಾಲು ಅಂತ ಗೊತ್ತೈತಲ್ಲ?"

"ಬಲಗಾಲು."

"ಈಗ ಕಾಲು ನೋಡೋದು ಕಲಿತೆ ನೀನು," ಅಂದಳು. ಹಾಗೆನ್ನುತ್ತ ಅವನ ಕೈ ಹಿಡಿದಳು.

ಮುಂದಿನ ವೈಶಾಖದಲ್ಲಿ ನಿಟ್ಟುವಳ್ಳಿಯ ಅಂಜನನ ಮನೆಯ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟರು. ಮದುಮಗಳು ಎಡಗಾಲು ಮುಂದೂರಿ ನಿಂತು, ಶಾಸ್ತ್ರಕ್ಕೆ ಲೋಪವಿಲ್ಲದಂತೆ ಬಲಗಾಲಿನಿಂದಲೇ ಒದ್ದಳು. ಅಕ್ಕಿ ಅಡುಗೆಮನೆಯವರೆಗೆ ಹೋಯಿತು. ಸೇರು ಸೊಟ್ಟಗಾಯಿತು.