ಮೂರೂ ಸಲ ಒಂದೇ ಸಮ

ಮಾರ್ಚ್ ಹದಿನಾಲ್ಕು, ಶುಕ್ರವಾರ, ಬೆಳಿಗ್ಗೆ ಹತ್ತೂಕಾಲು. ಕಲ್ಲುಪುಡಿ ಕಾರ್ಖಾನೆಯ ದಾಖಲೆ ಗುಮಾಸ್ತ ಠಾಣೆಗೆ ಬಂದು ಇನ್ಸ್‌ಪೆಕ್ಟರ ಮುಂದೆ ಮೂರು ಚೀಟಿ ಇಟ್ಟ. ಶ್ವಾಸಕೋಶ ಹಾಳಾದವರನ್ನು ಧೂಳಿನ ಶೆಡ್ಡಿನಿಂದ ಗೇಟಿನ ಕೆಲಸಕ್ಕೆ ಹಾಕುವ ಮುಂಚೆ ಮಾಡುವ ಉಸಿರಿನ ಪರೀಕ್ಷೆಯವು. ಮೂರೂ ಒಬ್ಬನೇ ಕಾರ್ಮಿಕನವು. ಮೊದಲೆರಡರಲ್ಲಿ ‘ನಟನೆ’ ಎಂಬ ಷರಾ, ಮೂರನೆಯದರಲ್ಲಿ ‘ರೋಗ ನಿಜ’. ಸೋಮವಾರದಿಂದ ಗೇಟಿಗೆ ಎಂದು ಆದೇಶವೂ ಆಗಿತ್ತು.

“ಎತ್ತರ ನೋಡಿ ಸಾರ್. ಆಗ ನೂರ ಅರವತ್ತೆರಡು ಸೆಂಟಿಮೀಟರ್, ಈಗ ನೂರ ಎಪ್ಪತ್ತೊಂದು.”

“ನಲವತ್ತು ದಾಟಿದ್ಮೇಲೂ ಬೆಳೀತಾರೇನ್ರೀ ನಿಮ್ಮ ಕಾರ್ಖಾನೇಲಿ?”

ಗುಮಾಸ್ತ ನಗಲಿಲ್ಲ. ಆ ಕಾರ್ಮಿಕನ ಹೆಸರಲ್ಲಿ ಬೇರೆ ಯಾರೋ ಪರೀಕ್ಷೆ ಕೊಟ್ಟಿದ್ದಾರೆಂದು ಎಫ್‌ಐಆರ್ ದಾಖಲಾಯಿತು.

ಹನ್ನೆರಡಕ್ಕೆ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ನರ್ಸಿನ ವಿಚಾರಣೆ.

“ಈ ಮಿಷನ್ನಿಗೆ ಮೂರು ಸಲ ಊದಬೇಕು ಸಾರ್. ಮೂರೂ ಹೆಚ್ಚುಕಮ್ಮಿ ಒಂದೇ ಬಂದ್ರೆ ನಿಜ. ಒಂದೊಂದು ಒಂದೊಂದು ಥರ ಬಂದ್ರೆ, ಬೇಕಂತ ಕಮ್ಮಿ ಊದ್ತಿದಾನೆ ಅಂತ ಲೆಕ್ಕ.”

“ಮಧ್ಯೆ ಕೆಮ್ಮು ಬಂದ್ರೆ?”

ಅವಳು ನಳಿಕೆ ಒರೆಸುತ್ತ ನಿಂತಳು. “ಅದನ್ನ ಬರೆಯೋಕೆ ಕಾಲಂ ಇಲ್ಲ.”

“ಕೊನೇ ಸಲ ಬಂದೋನು?”

“ಮೂರೂ ಕಮ್ಮಿ, ಮೂರೂ ಒಂದೇ ಗೆರೆ. ಅಷ್ಟು ನೀಟಾಗಿ ಊದಿದೋರನ್ನ ನಾನು ನೋಡೇ ಇಲ್ಲ.”

ಅಷ್ಟು ಹದವಾಗಿ ಬರಬೇಕಾದರೆ ಅದು ಪಳಗಿದ ಉಸಿರೇ ಇರಬೇಕು. ಕಾರ್ಮಿಕನ ಮನೆಯವರ ಬಗ್ಗೆ ವಿಚಾರಿಸಲು ಇನ್ಸ್‌ಪೆಕ್ಟರು ಕಾನ್ಸ್‌ಟೇಬಲನ್ನು ಕಳಿಸಿದರು. ಎರಡೂವರೆಗೆ ಉತ್ತರ ಬಂತು: ಒಬ್ಬ ಅಣ್ಣ, ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾನೆ, ಮುಖ ತಮ್ಮನದೇ ಅಚ್ಚು.

ನಾಲ್ಕು ಗಂಟೆ. ಎರಡು ಕೋಣೆಯ ಮನೆ. ಕಾರ್ಮಿಕನಾದ ತಮ್ಮ ದಿಂಬನ್ನು ತೊಡೆಯ ಮೇಲಿಟ್ಟು ಮುಂದಕ್ಕೆ ಬಾಗಿ ಕೂತಿದ್ದ. ಕಾನ್ಸ್‌ಟೇಬಲ್ ಅಣ್ಣನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದ. ನೂರ ಎಪ್ಪತ್ತೊಂದು.

“ನೀನೇ ಹೋಗಿದ್ದೆಯಾ?”

“ಹೌದು ಸಾರ್.”

“ಯಾಕೆ?”

“ಇವನಿಗೆ ಎರಡನೇ ಸಲ ಊದೋಷ್ಟರಲ್ಲೇ ಕೆಮ್ಮು ಹತ್ತುತ್ತೆ. ಎರಡು ಸಲಾನೂ ಕಳ್ಳಾಟ ಅಂತ ಬರೆದು ಕಳಿಸಿದ್ರು. ನಿಜವಾದ ರೋಗಾನ ಆ ಮಿಷನ್ ಒಪ್ಪಲ್ಲ ಸಾರ್. ಅದು ಒಪ್ಪೋ ಹಾಗೆ ಊದೋಕೆ ನನಗೆ ಬರುತ್ತೆ.”

“ಗುರುತಿನ ಚೀಟಿ... ಕೊಟ್ಟೋನು... ನಾನು ಸಾರ್,” ಎಂದ ತಮ್ಮ. ಅಷ್ಟು ಹೇಳಲು ಅವನಿಗೆ ಮೂರು ಉಸಿರು ಬೇಕಾಯಿತು.

“ಸುಮ್ನಿರೋ. ಜೇಬಿಂದ ನಾನೇ ತಗೊಂಡೆ ಸಾರ್, ಇವನಿಗೆ ಗೊತ್ತೇ ಇಲ್ಲ.”

ಇಬ್ಬರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಇನ್ಸ್‌ಪೆಕ್ಟರಿಗೆ ಗೊತ್ತಾಯಿತು. ಆದರೂ ಅಣ್ಣ ಹೇಳಿದ್ದನ್ನೇ ಬರೆಸಿಕೊಂಡರು. ಗುರುತಿನ ಚೀಟಿ ವಶಪಡಿಸಿಕೊಂಡು ಪಂಚನಾಮೆ ಮುಗಿಸಿದಾಗ ಐದೂ ಹತ್ತು. ಅಣ್ಣನ ಬಂಧನವಾಯಿತು.

ಸಹಿ ಹಾಕುತ್ತ ಅವನು ಕೇಳಿದ: “ಇವನ ಗೇಟಿನ ಕೆಲಸ ಉಳಿಯುತ್ತಲ್ವಾ ಸಾರ್?”

“ಆ ಪರೀಕ್ಷೆ ರದ್ದಾಗುತ್ತಪ್ಪಾ. ಮತ್ತೆ ಅವನೇ ಊದಬೇಕು.”

ಬೀಳ್ಕೊಡಲು ಎದ್ದ ತಮ್ಮ ಬಾಗಿಲವರೆಗೂ ಬರಲಾಗದೆ ಗೋಡೆ ಹಿಡಿದು ನಿಂತ.

ದಿನಚರಿಯಲ್ಲಿ ‘ಕೃತ್ಯದ ಕಾರಣ’ ಎಂಬಲ್ಲಿ ಇನ್ಸ್‌ಪೆಕ್ಟರು ಬರೆದರು: ತಮ್ಮನನ್ನು ಧೂಳಿನಿಂದ ಬಿಡಿಸಲು.

ತಮ್ಮ ಸೋಮವಾರ ಬೆಳಿಗ್ಗೆ ಆರಕ್ಕೆ ಶೆಡ್ಡಿಗೆ ಹಾಜರಾದ.